ಮೀನಿಗೂ ಗಾಳಿ, ಮಾವನವರಿಗೂ ಗಾಳಿ

ಬೆಂಗಳೂರಿನಿಂದ ಬಂದ ನೆಂಟರು ಪರಿ ಚೌಕದ ಅಗಲ ರಸ್ತೆಗಳನ್ನು ನೋಡಿ, "ಅಬ್ಬ, ಎಷ್ಟೊಂದು ಜಾಗ ನಿಮ್ಮಲ್ಲಿ!" ಎಂದು ಕಣ್ಣರಳಿಸುತ್ತಾರೆ. ಜಾಗ ಇದೆ, ನಿಜ. ದೆಹಲಿ ಪಕ್ಕದ ನಮ್ಮ ಗ್ರೇಟರ್ ನೋಯ್ಡಾ 1991ರಲ್ಲಿ ನಕ್ಷೆಯ ಮೇಲೆ ಹುಟ್ಟಿದ ಊರು. ರಸ್ತೆ, ಚರಂಡಿ, ಹಸಿರುಪಟ್ಟಿಗಳಿಗೆ ಮೊದಲೇ ಗೆರೆ ಎಳೆದು, ಸೆಕ್ಟರುಗಳಿಗೆ ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರಗಳ ಹೆಸರಿಟ್ಟು ಕಟ್ಟಿದ್ದು. ಆದರೆ ಆ ಧಾರಾಳವೆಲ್ಲ ಬಾಗಿಲಿನ ಆಚೆಗೆ. ಒಳಗೆ, ಟವರಿನ ಎರಡು ಮಲಗುವ ಕೋಣೆಯ ಫ್ಲ್ಯಾಟಿನಲ್ಲಿ, ಹೊಸದೊಂದು ಸಾಮಾನು ಬರಬೇಕಾದರೆ ಹಳೆಯದೊಂದು ಎದ್ದು ಜಾಗ ಬಿಡಬೇಕು.

ನಮ್ಮ ಮನೆಗೆ ಬರಬೇಕಾಗಿದ್ದದ್ದು ಮೂರು ಸಾಮಾನು: ತಲೆಯ ಕಡೆ ಎತ್ತರಿಸಬಹುದಾದ ಫೌಲರ್ ಕಾಟು, ಆಕ್ಸಿಜನ್ ಕಾನ್ಸಂಟ್ರೇಟರು, ಕರೆಂಟು ಹೋದರೆ ಇರಲಿ ಎಂದು ಒಂದು ಸಿಲಿಂಡರು. ಎಲ್ಲ ಮಾವನವರಿಗಾಗಿ. ಅವರು ಶೃಂಗೇರಿ ಕಡೆಯವರು. ವರ್ಷವರ್ಷವೂ ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತು ಹೊಗೆ ಕುಡಿದ ಶ್ವಾಸಕೋಶ. ಅತ್ತೆ ತೀರಿಕೊಂಡ ಮೇಲೆ ಮಗನ ಮನೆಗೆಂದು ಬಂದದ್ದು ನವೆಂಬರ್ ಬಂತೆಂದರೆ ಸೂರ್ಯನೇ ಮಸುಕಾಗುವ ಈ ಸೀಮೆಗೆ. ಡಾಕ್ಟರು ಪರೀಕ್ಷೆ ಮಾಡಿ, ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಮುಂದುವರಿದಿದೆ, ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಬೇಕು ಎಂದು ಬರೆದುಕೊಟ್ಟರು. ಇಂಥ ರೋಗಿಗಳಿಗೆ ಅದಕ್ಕಿಂತ ಕಡಿಮೆ ಹೊತ್ತು ಕೊಟ್ಟರೆ ಪ್ರಯೋಜನ ಅಷ್ಟಾಗಿ ಸಿಗುವುದಿಲ್ಲವಂತೆ.

ಈಗ ಜಾಗದ ಪ್ರಶ್ನೆ. ಮಾವನವರ ಕೋಣೆಯಲ್ಲಿ ಜನರೇಟರ್ ಸಂಪರ್ಕ ಇರುವ ಪ್ಲಗ್ಗು ಒಂದೇ ಗೋಡೆಯಲ್ಲಿದೆ. ಆ ಗೋಡೆಯನ್ನು ಪೂರ್ತಿ ಹಿಡಿದು ನಿಂತಿತ್ತು ಅವರದೇ ಮೀನಿನ ತೊಟ್ಟಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಊರು ಬಿಟ್ಟು ಬಂದವರಿಗೆ ಹೊತ್ತು ಹೋಗಲಿ ಎಂದು ನಮ್ಮವರು ತಂದುಕೊಟ್ಟಿದ್ದು. ಈಗ ಅದರ ಲೆಕ್ಕಾಚಾರವೆಲ್ಲ ಮಾವನವರ ಕೈಯಲ್ಲಿ: ಯಾವ ಮೀನು ಯಾವುದನ್ನು ಅಟ್ಟುತ್ತದೆ, ಯಾವುದು ಮೇವು ಬಿಟ್ಟಿದೆ, ಯಾವ ಗಿಡ ಕೊಳೆಯುತ್ತಿದೆ, ಎಲ್ಲ.

ಸಲಹೆ ಕೊಡುವವರಿಗೆ ಇಲ್ಲಿ ಕೊರತೆಯಿಲ್ಲ. ಕಾಯಿಲೆಯವರ ಮನೆಯಲ್ಲಿ ಇದೆಲ್ಲ ಯಾಕೆ, ಯಾರಿಗಾದರೂ ಕೊಟ್ಟುಬಿಡಿ ಎಂದವರು ಬಹಳ. ಸೂರಜ್‌ಪುರದ ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ ಎಂದವರೂ ಇದ್ದಾರೆ. ಇದೊಂದನ್ನು ಮಾತ್ರ ಯಾರೂ ಮಾಡಬಾರದು ಎಂದು ಒತ್ತಿ ಹೇಳುತ್ತೇನೆ. ಗಾಜಿಗೆ ಅಂಟಿಕೊಂಡು ಪಾಚಿ ಕೆರೆಯುವ ಮೀನಿದೆಯಲ್ಲ, ಅಂಗಡಿಯವರು ಸಕ್ಕರ್ ಅನ್ನುತ್ತಾರೆ, ಅದು ದಕ್ಷಿಣ ಅಮೆರಿಕದ ಪ್ರಾಣಿ. ಜನ ಹೀಗೆ ಪುಣ್ಯಕ್ಕೆಂದು ಬಿಟ್ಟೂ ಬಿಟ್ಟೂ ಅದು ನಮ್ಮ ನಾಡಿನ ಕೆರೆ ಹೊಳೆಗಳಲ್ಲಿ ಬೀಡು ಬಿಟ್ಟಿದೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲೇ ಸಿಕ್ಕಿತು. ಸೂರಜ್‌ಪುರದ ಜೌಗು ನೆಲ ಚಳಿಗಾಲದಲ್ಲಿ ದೂರದೇಶದ ಬಾತುಗಳು ಬಂದು ಇಳಿಯುವ ಜಾಗ. ಅಲ್ಲಿಗೆ ನಮ್ಮ ಮನೆಯ ತೊಟ್ಟಿಯನ್ನು ಬಗ್ಗಿಸುವುದು ಆ ಕೆರೆಗೆ ಮಾಡುವ ಅನ್ಯಾಯ.

ಮಾವನವರು ಹೆಚ್ಚು ವಾದಿಸಲಿಲ್ಲ. "ನೋಡಮ್ಮ, ಮೀನು ಕೊಟ್ಟು ಮಂಚ ತರೋದಾದ್ರೆ ನಂಗೆ ಆ ಮಂಚ ಬ್ಯಾಡ," ಅಂದರು. ಅಲ್ಲಿಗೆ ತೀರ್ಮಾನವಾಯಿತು. ತೊಟ್ಟಿ ಹಾಲಿಗೆ ಹೋಗಬೇಕು, ಮೀನೂ ಉಳಿಯಬೇಕು, ಗಾಜೂ ಉಳಿಯಬೇಕು.

ಅವರ ಮಾತಿನ ಹಿಂದೆ ಏನಿದೆ ಎಂದು ಶೃಂಗೇರಿ ನೋಡಿದವರಿಗೆ ಹೇಳಬೇಕಾಗಿಲ್ಲ. ಮಠದ ಮುಂದೆ ತುಂಗೆಯ ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಮೊಳದುದ್ದದ ಮೀನುಗಳು ಬೆನ್ನಿಗೆ ಬೆನ್ನು ತಾಗಿಸಿ ಮೇಲೆದ್ದು ಮಂಡಕ್ಕಿಗೆ ಬಾಯಿ ತೆರೆಯುತ್ತವೆ. ಅಲ್ಲಿ ಯಾರೂ ಬಲೆ ಬೀಸುವುದಿಲ್ಲ. ಘಟ್ಟದ ಕೆಳಗೆ ಶಿಶಿಲದ ಕಪಿಲೆಯಲ್ಲೂ ಹೀಗೇ ದೇವರ ಮೀನುಗಳಿವೆ. 1996ರಲ್ಲಿ ದುರುಳರು ವಿಷ ಹಾಕಿ ಅವನ್ನು ಕೊಂದಾಗ ಊರವರು ಸತ್ತ ಮೀನುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟುವ ಸೀಮೆಯಿಂದ ಬಂದವರಿಗೆ ತೊಟ್ಟಿ ಅನ್ನುವುದು ಬರಿಯ ಅಲಂಕಾರದ ಸಾಮಾನಾಗಲು ಸಾಧ್ಯವೇ? ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂದೇ ಒಂದು ಭಾಗವಿದೆ. ಅದರಲ್ಲಿ ಮೀನಿನ ಬಗೆಗಳು, ಯಾವುದಕ್ಕೆ ಯಾವ ಮೇವು ಹಾಕಬೇಕು ಎಂಬ ವಿವರ ಬರುತ್ತದೆ. ಅದು ಗಾಳ ಹಾಕುವ ರಾಜನ ವಿನೋದ, ನಮ್ಮದು ಸಾಕುವ ವಿನೋದ. ಆದರೂ ಬಸವಕಲ್ಯಾಣದಲ್ಲಿ ಕೂತ ಅರಸನೊಬ್ಬ ಮೀನಿನ ಮೇವಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದ ಎಂಬುದು ನನಗೆ ಬಹಳ ಹಿಡಿಸುವ ಸಂಗತಿ.

ನಮ್ಮ ತೊಟ್ಟಿಯಲ್ಲಿರುವ ಮುಖ್ಯ ಮೀನು ಕೂಡ ಘಟ್ಟದ್ದೇ. ಅಂಗಡಿಯಲ್ಲಿ ಅದಕ್ಕೆ ಮಿಸ್ ಕೇರಳ ಎಂದು ಹೆಸರು. ಬೆಳ್ಳಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಗೆರೆ, ಅದರ ಮೇಲೆ ಅರ್ಧದವರೆಗೆ ಕೆಂಪು ಗೆರೆ, ಬಾಲದಲ್ಲಿ ಹಳದಿ ಕಪ್ಪು ಪಟ್ಟೆ. ಕೇರಳದ ಮತ್ತು ಕರ್ನಾಟಕದ ದಕ್ಷಿಣ ಭಾಗದ ಪಶ್ಚಿಮಾಭಿಮುಖ ಹೊಳೆಗಳಲ್ಲಿ ಮಾತ್ರ ಇರುವ ಜಾತಿ. ಅದರ ಚಂದವೇ ಅದಕ್ಕೆ ಮುಳುವಾಗಿ, ಹೊಳೆಯಿಂದ ಹಿಡಿದೂ ಹಿಡಿದೂ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಈಗ ಸಾಕಿ ಮರಿ ಮಾಡಿಸಿದ ಮೀನುಗಳೂ ಸಿಗುತ್ತವೆ. ಕೊಳ್ಳುವವರು ಕೇಳಿ ಅಂಥವನ್ನೇ ಕೊಳ್ಳಬೇಕು. ಇವು ಹರಿವ ನೀರಿನ ಜೀವಗಳು. ನೀರಿನಲ್ಲಿ ಗಾಳಿ ಕಡಿಮೆಯಾದರೆ ಬೇರೆ ಮೀನುಗಳಿಗಿಂತ ಮೊದಲು ಇವೇ ಏದುಸಿರು ಬಿಡುತ್ತವೆ, ಗಾಬರಿಯಾದರೆ ಚಿಮ್ಮಿ ಹೊರಗೆ ಬೀಳುತ್ತವೆ. ಸಾಗಿಸುವಾಗ ಈ ಎರಡೂ ಗುಣ ನೆನಪಿರಬೇಕು.

ತೂಕದ ವಿಷಯಕ್ಕೆ ಬರೋಣ. ನಮ್ಮ ತೊಟ್ಟಿ ಹಿಡಿಯುವ ನೀರು ಸುಮಾರು 300 ಲೀಟರ್. ಲೀಟರಿಗೆ ಒಂದು ಕಿಲೋ ಅಂದರೆ ನೀರೇ 300 ಕಿಲೋ. 10 ಮಿಲಿಮೀಟರ್ ದಪ್ಪದ ಗಾಜು 60 ಕಿಲೋದ ಮೇಲೆ. ತಳದ ಕಲ್ಲು, ಮರದ ಸ್ಟ್ಯಾಂಡು ಸೇರಿದರೆ ಎಲ್ಲ ಒಟ್ಟು ನಾಲ್ಕೂವರೆ ಕ್ವಿಂಟಲ್, ಅದೂ ಆರು ಚದರ ಅಡಿಯ ಮೇಲೆ. ಮನೆಯ ಕೋಣೆಗಳ ನೆಲ ಹೊರಬೇಕಾದ ಭಾರಕ್ಕೆ ಭಾರತೀಯ ಮಾನಕ 875ರ ಎರಡನೆಯ ಭಾಗ ಇಟ್ಟಿರುವ ಲೆಕ್ಕ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಇದು ಇಡೀ ಕೋಣೆಗೆ ಹರಡಿದ ಲೆಕ್ಕವಾದ್ದರಿಂದ ನಾಲ್ಕು ಅಡಿಯ ತೊಟ್ಟಿಗೆ ಹೆದರಬೇಕಾಗಿಲ್ಲ. ಆದರೆ ಕೋಣೆಯ ನಟ್ಟನಡುವೆ ಇಡದೆ, ಕೆಳಗೆ ಬೀಮು ಹಾದುಹೋಗಿರುವ ಗೋಡೆಗೆ ಒತ್ತಿ ಇಡುವುದು ಜಾಣತನ. ಇದಕ್ಕಿಂತ ದೊಡ್ಡ ತೊಟ್ಟಿಯಾದರೆ ಕಟ್ಟಡದ ಇಂಜಿನಿಯರನ್ನು ಕೇಳದೆ ಇಡಬಾರದು. ದೆಹಲಿಯ ಸುತ್ತಮುತ್ತ ಭೂಕಂಪದ ಭಯವೂ ಉಂಟು. 2023ರ ನವೆಂಬರ್ 3ರ ರಾತ್ರಿ ನೇಪಾಳದ ಜಾಜರ್‌ಕೋಟ್ ನಡುಗಿದಾಗ ಇಲ್ಲಿ ಫ್ಯಾನು ತೂಗಾಡಿತು, ತೊಟ್ಟಿಯ ನೀರು ಅಂಚು ಮುಟ್ಟಿ ಬಂತು. ಆದ್ದರಿಂದ ಮಲಗಿದವರ ತಲೆಯ ಬಳಿ ತೊಟ್ಟಿ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಂಚವೂ ತೊಟ್ಟಿಯೂ ಒಂದೇ ಕೋಣೆಯಲ್ಲಿ ಹೇಗೋ ತುರುಕೋಣ ಎಂದು ನಮ್ಮವರು ಹೇಳಿದಾಗ ನಾನು ಒಪ್ಪದಿದ್ದದ್ದು ಇದಕ್ಕೇ.

ಮಿಸ್ತ್ರಿ ಬಂದವನು ಮೊದಲು ಕೇಳಿದ್ದು, "ಆಂಟೀ ಜೀ, ಅರ್ಧ ನೀರು ತೆಗೆದು ಹಾಗೇ ತಳ್ಳಿಬಿಡೋಣವೇ?" ಎಲ್ಲರಿಗೂ ಹೊಳೆಯುವ ಉಪಾಯ ಅದೇ, ಅಪಾಯ ಇರುವುದೂ ಅಲ್ಲೇ. ಗಾಜಿನ ತೊಟ್ಟಿಯನ್ನು ಹಿಡಿದಿರುವುದು ಮೂಲೆಗಳ ಸಿಲಿಕೋನ್ ಅಂಟು ಮಾತ್ರ. ನೀರು ನಿಶ್ಚಲವಾಗಿ ನಿಂತು ಹೊರಕ್ಕೆ ಒತ್ತುವುದನ್ನು ಅದು ತಡೆಯುತ್ತದೆ. ಆದರೆ ಒಂದು ಮೂಲೆ ಎದ್ದು ಇನ್ನೊಂದು ತಗ್ಗಿದರೆ ಗಾಜು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಗಾಜೂ ತಾಳದು, ಅಂಟೂ ತಾಳದು. ಅರ್ಧ ನೀರು ಇನ್ನೂ ಕೆಟ್ಟದ್ದು, ನೂಕಿದಾಗ ಇಡೀ ಭಾರ ಒಂದು ಕಡೆಗೆ ಓಡಿ ಹೊಡೆಯುತ್ತದೆ. ಅಂದೇ ಒಡೆಯದಿದ್ದರೂ ಅಂಟಿನಲ್ಲಿ ಸಣ್ಣ ಬಿರುಕು ಉಳಿದು, ಯಾವುದೋ ರಾತ್ರಿ ಹನಿಯಲು ತೊಡಗುತ್ತದೆ. ಬರ್ಲಿನ್ನಿನ ಹೋಟೆಲೊಂದರ ಪಡಸಾಲೆಯಲ್ಲಿದ್ದ ಆಕ್ವಾಡೋಮ್ ಎಂಬ ಹತ್ತು ಲಕ್ಷ ಲೀಟರಿನ ಕೊಳವೆ ತೊಟ್ಟಿ 2022ರ ಡಿಸೆಂಬರ್ 16ರ ಮುಂಜಾವು ಸಿಡಿದು ಬಿತ್ತು. ಸುಮಾರು 1500 ಮೀನುಗಳಲ್ಲಿ ಹೆಚ್ಚಿನವು ಸತ್ತವು. ಅದು ಗಾಜಲ್ಲ, ಅಕ್ರಿಲಿಕ್. ಅಷ್ಟು ತನಿಖೆ ನಡೆದೂ ಖಚಿತ ಕಾರಣ ಸಿಗಲಿಲ್ಲ. ಊಹೆಗಳಲ್ಲಿ ಒಂದು, ಅಂಟಿದ ಬೆಸುಗೆ ಬಿಟ್ಟಿರಬಹುದು ಎನ್ನುವುದು. ಆ ಪ್ರಮಾಣಕ್ಕೂ ನಮ್ಮ ತೊಟ್ಟಿಗೂ ಸಂಬಂಧವಿಲ್ಲ, ಸರಿ. ಆದರೆ ನೀರು ಭಾರ, ಅಂಟಿಗೆ ಮಿತಿ ಇದೆ ಎಂಬ ಮಾತು ಎರಡು ಕಡೆಯೂ ಒಂದೇ.

ಗಾಜಿನ ಕತೆ ಇಷ್ಟೇ. ನಿಜವಾಗಿ ಸಾಗಿಸಬೇಕಾದದ್ದು ಕಣ್ಣಿಗೆ ಕಾಣುವುದಿಲ್ಲ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ತಿಂದು ಉಳಿದದ್ದು ಕೊಳೆತರೂ ಅಮೋನಿಯವೇ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿ ತಣ್ಣಗಾಗಿಸುತ್ತದೆ. ಆಗಾಗ ಸ್ವಲ್ಪ ನೀರು ಬದಲಿಸಿದರೆ ನೈಟ್ರೇಟೂ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳ ಬೀಡು ನೀರಿನಲ್ಲಲ್ಲ. ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲಿನ ಮೈಮೇಲೆ. ಬಹಳ ಜನ ಹಳೆಯ ನೀರನ್ನೆಲ್ಲ ಜೋಪಾನ ಮಾಡಿ, ಸ್ಪಂಜನ್ನು ಮಾತ್ರ ನಲ್ಲಿ ಕೆಳಗೆ ಹಿಡಿದು ಬಿಳಿಯಾಗುವ ತನಕ ಹಿಂಡುತ್ತಾರೆ. ನಲ್ಲಿಯ ಕ್ಲೋರಿನ್ನು ಅಲ್ಲಿದ್ದ ಜೀವವನ್ನೆಲ್ಲ ಕೊಂದುಹಾಕುತ್ತದೆ. ತೊಟ್ಟಿ ಫಳಫಳ ಹೊಳೆಯುತ್ತಿರುವಾಗಲೇ ಮೀನು ಒಂದೊಂದಾಗಿ ಸಾಯುವುದು ಇದರಿಂದ. ಆ ಕಂದು ಬಣ್ಣದ, ಕೆಸರು ವಾಸನೆಯ ಸ್ಪಂಜೇ ತೊಟ್ಟಿಯ ಹೆಪ್ಪು. ಹಾಲು ಹೊಸದಾದರೂ ಪರವಾಗಿಲ್ಲ, ಹೆಪ್ಪು ಹಳೆಯದೇ ಇರಬೇಕು. ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಸ್ಪಂಜನ್ನು ಮುಚ್ಚಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅವೂ ಉಸಿರುಗಟ್ಟಿ ಸಾಯುತ್ತವೆ.

ಗ್ರೇಟರ್ ನೋಯ್ಡಾದ ನೀರಿನ ಬಗ್ಗೆ ಒಂದು ಮಾತು. ಇಲ್ಲಿನ ಬೋರಿನ ನೀರು ಗಡಸು. ಬಕೆಟ್ಟಿನ ಒಳಮೈಗೆ ಬಿಳಿ ಪೊರೆ ಕಟ್ಟುವುದು ಎಲ್ಲ ಮನೆಯವರಿಗೂ ಗೊತ್ತು. ಕ್ಷಾರ ಹೆಚ್ಚಿದ ನೀರಿನಲ್ಲಿ ಅಮೋನಿಯದ ವಿಷವೂ ಹೆಚ್ಚು. ಹಾಗಂತ ಆರ್‌ಒ ನೀರನ್ನೇ ತುಂಬಿಬಿಟ್ಟರೆ ಅದರಲ್ಲಿ ಲವಣವೇ ಇರುವುದಿಲ್ಲ, ಮೀನಿಗೆ ಅದೂ ಆಘಾತವೇ. ಅದಕ್ಕೆ ಅರ್ಧದಷ್ಟು ಹಳೆಯ ನೀರು ಉಳಿಸಿಕೊಂಡು, ಉಳಿದದ್ದನ್ನು ಹಿಂದಿನ ದಿನವೇ ತೆರೆದ ಡ್ರಮ್ಮಿನಲ್ಲಿ ಹಿಡಿದಿಟ್ಟು ಗಾಳಿಯಾಡಿಸಿದೆವು. ಕ್ಲೋರಿನ್ನು ಹೀಗೆ ಹಾರಿಹೋಗುತ್ತದೆ. ಕ್ಲೋರಮೀನ್ ಹಾಕಿದ ನೀರಾದರೆ ಹೋಗುವುದಿಲ್ಲ, ಅದಕ್ಕೆ ಅಂಗಡಿಯಲ್ಲಿ ಸಿಗುವ ಔಷಧಿಯ ಹನಿಗಳನ್ನೇ ಹಾಕಬೇಕು. ಆ ಹನಿಗಳನ್ನೂ ಅಮೋನಿಯ ಪರೀಕ್ಷೆಯ ಕಿಟ್ಟನ್ನೂ ತರಲು ಮಗಳು ಆಲ್ಫಾ-1ರಲ್ಲಿ ಮೆಟ್ರೋ ಹತ್ತಿ ನೋಯ್ಡಾಕ್ಕೆ ಹೋದಳು. 2019ರ ಜನವರಿಯಲ್ಲಿ ಶುರುವಾದ ಈ ದಾರಿಗೆ ಆಕ್ವಾ ಲೈನ್ ಎಂದು ಹೆಸರಿಟ್ಟವರು ಯಾರೋ, ಮಾವನವರಿಗಂತೂ ಅದು ಬಹಳ ಸಂತೋಷದ ಹೆಸರು.

ಕೆಲಸಕ್ಕೆ ಕೈ ಹಾಕಿದ್ದು ಬೆಳಿಗ್ಗೆ, ಬಿಸಿಲು ಬಂದ ಮೇಲೆ. ಚಳಿಗಾಲದ ರಾತ್ರಿ ಇಲ್ಲಿ ಡ್ರಮ್ಮಿನ ನೀರು ಬೇಗ ತಣ್ಣಗಾಗುತ್ತದೆ, ಆದ್ದರಿಂದ ಕತ್ತಲಾಗುವ ಮೊದಲೇ ಮೀನು ತೊಟ್ಟಿಗೆ ಮರಳಬೇಕು. ಹಿಂದಿನ ದಿನ ಮೇವು ಹಾಕಿರಲಿಲ್ಲ; ಹೊಟ್ಟೆ ಖಾಲಿ ಇದ್ದರೆ ಡ್ರಮ್ಮಿನ ನೀರು ಕೆಡುವುದಿಲ್ಲ. ಮೊದಲು ಹೀಟರಿನ ಪ್ಲಗ್ಗು ಕಿತ್ತು ಕಾಲು ಗಂಟೆ ಬಿಟ್ಟೆವು, ಬಿಸಿಯಿರುವಾಗಲೇ ನೀರಿನಿಂದ ಹೊರಬಂದರೆ ಅದರ ಗಾಜು ಸೀಳುತ್ತದೆ. ಪೈಪಿನಲ್ಲಿ ನೀರು ಎಳೆದು ಸೋಪು ಮುಟ್ಟದ ಹೊಸ ಡ್ರಮ್ಮುಗಳಿಗೆ ತುಂಬಿಸಿದೆವು. ಗಿಡಗಳನ್ನು ಒದ್ದೆ ಪೇಪರಿನಲ್ಲಿ ಸುತ್ತಿಟ್ಟೆವು. ನೀರು ಗೇಣುದ್ದಕ್ಕೆ ಇಳಿದ ಮೇಲಷ್ಟೇ ಮೀನಿಗೆ ಬಲೆ ಹಾಕಿದ್ದು; ತುಂಬಿದ ತೊಟ್ಟಿಯಲ್ಲಿ ಅಟ್ಟಾಡಿಸಿದರೆ ಅವು ದಣಿದು ಹೋಗುತ್ತವೆ.

ಮಾವನವರು ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿತ್ತು, ಆದರೂ "ಮುಚ್ಚಳ... ಮುಚ್ಚಳ ಹಾಕೇ," ಎಂದು ಮೊಮ್ಮಗಳಿಗೆ ಹೇಳುವುದನ್ನು ಬಿಡಲಿಲ್ಲ. ಅವಳು ಡ್ರಮ್ಮಿಗೆ ಸೊಳ್ಳೆಪರದೆಯ ಬಟ್ಟೆ ಬಿಗಿದು ಕಟ್ಟುತ್ತಿದ್ದಂತೆ ಒಳಗಿನಿಂದ ಒಂದು ಮೀನು ಚಿಮ್ಮಿ ಬಟ್ಟೆಗೆ ಬಡಿದು ಹಿಂದಕ್ಕೆ ಬಿತ್ತು. ಒಂದೇ ಏರ್ ಪಂಪಿಗೆ ಎರಡು ಕೊಳವೆ ಹಾಕಿ, ಒಂದನ್ನು ಮೀನಿನ ಡ್ರಮ್ಮಿಗೆ, ಇನ್ನೊಂದನ್ನು ಸ್ಪಂಜು ಮುಳುಗಿಸಿಟ್ಟ ಬಕೆಟ್ಟಿಗೆ ಬಿಟ್ಟೆವು.

ತಳದ ಕಲ್ಲು ತೆಗೆಯುವಾಗ ಕೊಳೆತ ಮೊಟ್ಟೆಯ ವಾಸನೆ ಬಂತು. ಗಾಳಿ ತಲುಪದ ಅಡಿಪದರದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅದು. ಮೀನು ತೊಟ್ಟಿಯಲ್ಲಿರುವಾಗ ಕಲ್ಲು ಕದಡಬಾರದು ಎನ್ನುವುದು ಇದಕ್ಕೆ. ಕಲ್ಲನ್ನೆಲ್ಲ ತೊಟ್ಟಿಯದೇ ಹಳೆಯ ನೀರಿನಲ್ಲಿ ಅಲುಬಿ ಬಕೆಟ್ಟಿಗೆ ಹಾಕಿದ್ದಾಯಿತು. ಖಾಲಿ ತೊಟ್ಟಿಯನ್ನು ನಾಲ್ವರು ತಳಕ್ಕೆ ಕೈ ಕೊಟ್ಟು ಒಟ್ಟಿಗೆ ಎತ್ತಿ ಪ್ಲೈವುಡ್ ಹಲಗೆಯ ಮೇಲಿಟ್ಟರು. ಮೇಲಂಚು ಹಿಡಿದು ಎತ್ತಿದರೆ ಅಂಟಿನ ಮೇಲೆ ಎಳೆತ ಬೀಳುತ್ತದೆ. ಹಾಲಿನಲ್ಲಿ ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು ನೋಡಿದರೆ ಎಡಗಡೆ ಒಂದೆಳೆ ತಗ್ಗು. ಮಿಸ್ತ್ರಿ ಕಾಲಿನ ಕೆಳಗೆ ಗಟ್ಟಿ ಪಟ್ಟಿ ಕೊಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಬಿಡಲಿಲ್ಲ. ಒಳ್ಳೆಯ ಕೆಲಸಗಾರನ ಹಟ ನೋಡುವುದೇ ಒಂದು ಸುಖ. ಮೇಲೆ ಒಂದು ಹಾಳೆ ಥರ್ಮೋಕೋಲ್, ಅದರ ಮೇಲೆ ತೊಟ್ಟಿ.

ಎಲ್ಲಿ ಇಡಬೇಕು ಎಂಬುದಕ್ಕೂ ಚರ್ಚೆ ನಡೆದಿತ್ತು. ಪಕ್ಕದ ಮನೆಯ ದೀದಿ ಈಶಾನ್ಯ ಮೂಲೆಯೇ ಆಗಬೇಕು ಎಂದರು. ಅಲ್ಲಿ ಬಾಲ್ಕನಿಯ ಗಾಜಿನ ಬಾಗಿಲು, ಜೂನ್ ತಿಂಗಳ ಬಿಸಿಲು ನೇರ ಬೀಳುತ್ತದೆ, ನೀರು ಕಾಯುತ್ತದೆ, ಪಾಚಿ ಕಟ್ಟುತ್ತದೆ. ಅದಕ್ಕಾಗಿ ಉತ್ತರದ ಗೋಡೆಗೆ ಇಟ್ಟೆವು. ಅದೂ ಒಳ್ಳೆಯ ದಿಕ್ಕೇ ಎಂದು ದೀದಿ ಒಪ್ಪಿದರು. ಪ್ಲಗ್ಗಿಗೆ ಹೋಗುವ ವೈರುಗಳನ್ನೆಲ್ಲ ಮೊದಲು ಕೆಳಕ್ಕೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ಒಯ್ದೆವು. ವೈರಿನ ಗುಂಟ ನೀರು ಹರಿದರೂ ತಗ್ಗಿನಲ್ಲಿ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗು ಮುಟ್ಟುವುದಿಲ್ಲ. ಕಲ್ಲಿನ ಮೇಲೆ ಊಟದ ತಟ್ಟೆ ಇಟ್ಟು ಅದರ ಮೇಲೆ ನಿಧಾನ ನೀರು ಸುರಿದೆವು. ಮೀನುಗಳಿಗೆ ಹೊಸ ನೀರನ್ನು ಹನಿಹನಿಯಾಗಿ ಬೆರೆಸಿ ಒಗ್ಗಿಸಿ, ಸಂಜೆ ಹೊತ್ತಿಗೆ ಲೈಟು ಹಾಕದೆ ಒಳಗೆ ಬಿಟ್ಟೆವು.

ಖಾಲಿಯಾದ ಗೋಡೆಗೆ ಮರುದಿನ ಮಂಚ ಬಂತು, ಯಂತ್ರವೂ ಬಂತು. ಈ ಕಾನ್ಸಂಟ್ರೇಟರಿನ ಕೆಲಸ ತಿಳಿದುಕೊಂಡಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಯಂತ್ರ ಕೋಣೆಯ ಗಾಳಿಯನ್ನೇ ಎಳೆದು, ಒತ್ತಿ, ಜಿಯೋಲೈಟ್ ಎಂಬ ಹರಳುಗಳ ಮೂಲಕ ಹಾಯಿಸುತ್ತದೆ. ಹರಳು ಸಾರಜನಕವನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಮೂಗಿಗೆ ತಲುಪುವುದು ನೂರಕ್ಕೆ 90ಕ್ಕೂ ಮೇಲ್ಪಟ್ಟ ಆಮ್ಲಜನಕ. ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯದೊಳಗಿನ ಸಾರಜನಕವನ್ನು ಪಳಗಿಸುತ್ತಿದ್ದರೆ ಕೋಣೆಯಲ್ಲಿ ಯಂತ್ರ ಗಾಳಿಯ ಸಾರಜನಕವನ್ನು ಬೇರ್ಪಡಿಸುತ್ತಿದೆ. ಯಂತ್ರವನ್ನು ಗೋಡೆಗೆ ಅಂಟಿಸದೆ ಅಡಿಯಷ್ಟು ಬಿಟ್ಟು ಇಡಬೇಕು, ಪರದೆಗೆ ತಾಗಿಸಬಾರದು. ತೇವದ ಬಾಟಲಿಗೆ ಡಿಸ್ಟಿಲ್ಡ್ ನೀರೇ ಆಗಬೇಕು. ಆ ಕೋಣೆಯಲ್ಲಿ ದೀಪ, ಊದುಬತ್ತಿ ಹಚ್ಚುವುದನ್ನು ಪೂರ್ತಿ ನಿಲ್ಲಿಸಿದೆವು, ದೇವರ ಪಟಗಳು ಹಾಲಿಗೆ ಬಂದವು. ಕರೆಂಟು ಹೋದರೆ ಜನರೇಟರ್ ಹಿಡಿಯುವವರೆಗೆ ಮಾವನವರಿಗೆ ಸಿಲಿಂಡರಿದೆ, ಮೀನಿಗೆ ಬ್ಯಾಟರಿಯ ಸಣ್ಣ ಪಂಪು. ಚಳಿಗಾಲದಲ್ಲಿ ಗಾಳಿ ಕೆಟ್ಟಾಗ ಡೀಸೆಲ್ ಜನರೇಟರುಗಳ ಮೇಲೂ ನಿರ್ಬಂಧ ಬರುತ್ತದೆ; ಉಸಿರಾಟದ ಯಂತ್ರವಿರುವ ಮನೆಯವರು ಸೊಸೈಟಿಯ ಕಚೇರಿಗೆ ಮೊದಲೇ ಬರೆದುಕೊಡುವುದು ಒಳ್ಳೆಯದು, ನಾವೂ ಕೊಟ್ಟೆವು.

ಮೊದಲ ಎರಡು ವಾರ ಮೇವು ಕಡಿಮೆ, ಪರೀಕ್ಷೆ ಹೆಚ್ಚು. ಮಗಳು ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಹನಿ ಹಾಕಿ ಅಲ್ಲಾಡಿಸಿ ಅಜ್ಜನ ಮಂಚದ ಬಳಿಗೆ ಒಯ್ಯುತ್ತಿದ್ದಳು. ಹಳದಿ ಬಣ್ಣ ಹಾಗೇ ಉಳಿದರೆ ಅಮೋನಿಯ ಇಲ್ಲ, ಹಸಿರಿಗೆ ತಿರುಗಿದರೆ ಇದೆ. ಅವರು ಕನ್ನಡಕ ಏರಿಸಿ, ನಳಿಕೆಯನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ ತೀರ್ಪು ಕೊಡಬೇಕು. ಒಂದು ದಿನ ತುಸು ಹಸಿರು ಕಂಡಿತು. ಆ ದಿನ ಮೇವು ನಿಲ್ಲಿಸಿ ಕಾಲು ಭಾಗ ನೀರು ಬದಲಿಸಿದೆವು, ಎರಡೇ ದಿನಕ್ಕೆ ಬಣ್ಣ ಮತ್ತೆ ಹಳದಿಗೆ ಬಂತು. ಈಗ ಆ ನೋಟು ಪುಸ್ತಕದಲ್ಲಿ ಎಡಪುಟ ತೊಟ್ಟಿಯದು, ಬಲಪುಟ ಅವರ ಬೆರಳಿಗೆ ಹಾಕುವ ಆಕ್ಸಿಮೀಟರಿನದು. ಎರಡನ್ನೂ ಅವರೇ ಬರೆಯುತ್ತಾರೆ.

ಆಚೆ ಟವರಿನಲ್ಲಿ ಹೊಸದಾಗಿ ತೊಟ್ಟಿ ಇಡುವವರೊಬ್ಬರು ಮೊನ್ನೆ ಕೇಳಿಕೊಂಡು ಬಂದಿದ್ದರು. ಮಾವನವರು ನಮ್ಮ ಫಿಲ್ಟರಿನ ಸ್ಪಂಜಿನಲ್ಲಿ ಒಂದು ತುಂಡು ಕತ್ತರಿಸಿ, ತೊಟ್ಟಿಯ ನೀರಿನ ಜೊತೆಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ ಕೊಟ್ಟರು. ಮನೆಗೆ ಹೋದ ಕೂಡಲೇ ಫಿಲ್ಟರಿಗೆ ಹಾಕಬೇಕು, ನಲ್ಲಿ ನೀರು ತಾಗಿಸಬಾರದು, ಮೊದಲು ಎರಡೇ ಮೀನು ಬಿಡಬೇಕು ಎಂದು ನನ್ನ ಕೈಯಲ್ಲಿ ಹಿಂದಿಯಲ್ಲಿ ಹೇಳಿಸಿದರು.